ದಿಲ್ಲಿಯ ಜಗಳ ಸಾಕು, ಬೀದಿಯ ಮಾತಾಡು

ಮಗು, ಓಟಿನ ಗುರುತಿನ ಚೀಟಿ ಕೈಗೆ ಬಂದು ಇನ್ನೂ ನಾಲ್ಕು ದಿನ ಆಗಿಲ್ಲ, ಆಗಲೇ ಚಿಕ್ಕಪ್ಪನ ಜೊತೆ ಮಾತು ಬಿಟ್ಟಿದ್ದೀಯ ಎಂದು ಕೇಳಿದೆ. ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವನು ಒಂದು ಪಕ್ಷದ ವಿಡಿಯೊ ಹಾಕಿದನಂತೆ, ನೀನು ಇನ್ನೊಂದು ಪಕ್ಷದ್ದು ಹಾಕಿದೆಯಂತೆ, ಮಾತಿಗೆ ಮಾತು ಬೆಳೆದು ಕೊನೆಗೆ ನೀನು ಗುಂಪಿನಿಂದಲೇ ಹೊರಟುಹೋದೆಯಂತೆ. ನಿನ್ನನ್ನು ಎತ್ತಿ ಆಡಿಸಿದ ತಾತ ಎಂಬ ಸಲಿಗೆಯಿಂದ ನಾಲ್ಕು ಮಾತು ಹೇಳುತ್ತೇನೆ, ಕೇಳು. ಹುಡುಗಿಗೆ ಯಾಕೆ ರಾಜಕೀಯ ಎನ್ನುವವರ ಪೈಕಿ ನಾನಲ್ಲ. ನಿನಗೆ ಈಗ ಇರುವುದಕ್ಕಿಂತ ಹೆಚ್ಚು ರಾಜಕೀಯ ಬೇಕು. ಅದು ಮನೆಗೆ ಹತ್ತಿರದ್ದಾಗಿರಲಿ ಎನ್ನುವುದಷ್ಟೇ ನನ್ನ ಆಸೆ.

ಮೊದಲು ಚಿಕ್ಕಪ್ಪನ ವಿಷಯ. ನಿಮ್ಮಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ ರಾತ್ರಿಯೆಲ್ಲ ಹೊರಗಿನ ಬೆಂಚಿನ ಮೇಲೆ ಕೂತಿದ್ದವನು ಅವನು. ನೀವಿಬ್ಬರೂ ಯಾರ ಪರವಾಗಿ ಜಗಳ ಆಡಿದಿರೋ ಆ ನಾಯಕರಿಗೆ ನಿಮ್ಮ ಮನೆಯ ಗುರುತೂ ಇಲ್ಲ. ಸದನದಲ್ಲಿ ತೋಳೇರಿಸಿದವರು ಮದುವೆ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಒಬ್ಬರಿಗೊಬ್ಬರು ಹೋಳಿಗೆ ಬಡಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಹಾಗೆಯೇ ಇರಬೇಕು. ಅಭಿಪ್ರಾಯ ಬೇರೆಯಾದರೂ ಎಲೆ ಒಂದೇ ಸಾಲಿನಲ್ಲಿ ಬೀಳಬೇಕು. ಆ ಗುಣವನ್ನು ನೀವೂ ಕಲಿಯಿರಿ ಎನ್ನುತ್ತೇನೆ. ಮೇಷ್ಟ್ರಾಗಿ ಮೈಸೂರು, ಚಾಮರಾಜನಗರದ ಕಡೆಯ ಊರುಗಳಲ್ಲಿ ಇದ್ದಾಗ ಇಂಥ ಜಗಳದ ಕೆಟ್ಟ ಮುಖವನ್ನು ಕಣ್ಣಾರೆ ನೋಡಿದ್ದೇನೆ. ಹಾಲಿನ ಡೇರಿಯ ಚುನಾವಣೆಯಲ್ಲಿ ಎದುರುಬದುರಾದ ಅಣ್ಣತಮ್ಮಂದಿರು ತಾಯಿಯ ತಿಥಿಯನ್ನು ಬೇರೆ ಬೇರೆ ಮಾಡಿದ್ದನ್ನು ಕಂಡಿದ್ದೇನೆ. ಡೇರಿಯ ಅಧ್ಯಕ್ಷಗಿರಿ ಐದು ವರ್ಷಕ್ಕೆ ಮುಗಿಯಿತು. ಅಣ್ಣತಮ್ಮಂದಿರ ಮುನಿಸು ಮುಗಿಯಲಿಲ್ಲ.

ಫಲಿತಾಂಶದ ಮೇಲೆ ಬಾಜಿ ಕಟ್ಟುವುದನ್ನಂತೂ ಹತ್ತಿರಕ್ಕೂ ಸೇರಿಸಬೇಡ. ನಮ್ಮ ಮೈಸೂರು–ಮಂಡ್ಯ ಕಡೆ ಮತ ಎಣಿಕೆ ಹತ್ತಿರ ಬಂದರೆ ಕುರಿ, ಬೈಕು, ಟ್ರ್ಯಾಕ್ಟರು, ಕಡೆಗೆ ಜಮೀನನ್ನೂ ಪಣಕ್ಕಿಡುವವರಿದ್ದಾರೆ. ಗೆದ್ದ ಅಭ್ಯರ್ಥಿ ಮೆರವಣಿಗೆ ಹೊರಟಾಗ ಬಾಜಿ ಸೋತವನ ಹೆಂಡತಿ ಕೊಟ್ಟಿಗೆಯಲ್ಲಿ ಖಾಲಿ ಗೂಟ ನೋಡಿ ಕಣ್ಣೊರೆಸಿಕೊಳ್ಳುತ್ತಿರುತ್ತಾಳೆ. ನಿನ್ನ ಕಾಲೇಜಿನ ಹುಡುಗರು ನೂರು ರೂಪಾಯಿಗೆ ಶುರುಮಾಡೋಣ ಎಂದರೂ ಬೇಡ ಅನ್ನು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕರ್ನಾಟಕದಿಂದ ಲೋಕಸಭೆಗೆ 28 ಜನ ಹೋಗುತ್ತಾರೆ. ಒಂದೊಂದು ಕ್ಷೇತ್ರದಲ್ಲಿ ಸುಮಾರು 20 ಲಕ್ಷ ಮತದಾರರು. ಅದೇ ನಿನ್ನ ಊರಿನ ಗ್ರಾಮ ಪಂಚಾಯಿತಿಗೆ ಬಂದರೆ 400 ಜನಕ್ಕೆ ಒಬ್ಬ ಸದಸ್ಯನ ಲೆಕ್ಕ. 20 ಲಕ್ಷದಲ್ಲಿ ಒಬ್ಬಳಾಗಿರುವ ಕಡೆ ನಿನ್ನ ಮಾತಿಗೆ ಎಷ್ಟು ತೂಕ, 400ರಲ್ಲಿ ಒಬ್ಬಳಾಗಿರುವ ಕಡೆ ಎಷ್ಟು ತೂಕ, ನೀನೇ ಭಾಗಿಸಿ ನೋಡು. ಆದರೂ ನಾವೆಲ್ಲ ಏನು ಮಾಡುತ್ತೇವೆ? ದಿಲ್ಲಿಯ ವಿಷಯಕ್ಕೆ ಗಂಟಲು ಹರಿಯುವಂತೆ ವಾದಿಸಿ, ಮನೆಯ ಮುಂದಿನ ಚರಂಡಿ ಕಟ್ಟಿಕೊಂಡಾಗ ಮೂಗು ಮುಚ್ಚಿಕೊಂಡು ದಾಟಿ ಹೋಗುತ್ತೇವೆ. ದಿಲ್ಲಿಯ ವಿಷಯ ದೊಡ್ಡದೇ, ಅದನ್ನು ಓದು, ಯೋಚನೆ ಮಾಡು, ಸಮಯ ಬಂದಾಗ ಓಟು ಹಾಕು. ಆದರೆ ದಿನಕ್ಕೆ ಎರಡು ಗಂಟೆ ಅದರ ಜಗಳಕ್ಕೆ ಕೊಡುವವಳು ಆರು ತಿಂಗಳಿಗೆ ಎರಡು ಗಂಟೆ ಗ್ರಾಮಸಭೆಗೆ ಕೊಡು. ಆಗ ನೋಡು ಏನೇನು ನಡೆಯುತ್ತದೆ.

ಗ್ರಾಮಸಭೆಯನ್ನು ಕನಿಷ್ಠ ಆರು ತಿಂಗಳಿಗೊಮ್ಮೆ ಕರೆಯಲೇಬೇಕೆಂದು ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಅದಕ್ಕೂ ಮುಂಚೆ ವಾರ್ಡ್ ಸಭೆ ಆಗಬೇಕು. ಯಾರಿಗೆ ಮನೆ ಮಂಜೂರಾಗಬೇಕು, ಯಾವ ಬೀದಿಗೆ ನೀರಿನ ಪೈಪು ಮೊದಲು ಬರಬೇಕು, ಯಾವ ಕೆರೆಯ ಹೂಳು ತೆಗೆಯಬೇಕು, ಇದೆಲ್ಲ ಅಲ್ಲಿ ಏಳಬೇಕಾದ ಪ್ರಶ್ನೆ. ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಬಂದ ದುಡ್ಡೆಷ್ಟು, ಖರ್ಚಾದದ್ದೆಷ್ಟು, ಆ ಖರ್ಚಿನ ಕೆಲಸ ಕಣ್ಣಿಗೆ ಕಾಣುತ್ತದೆಯೇ ಎಂದು ಜನರ ಎದುರೇ ಲೆಕ್ಕ ಒಪ್ಪಿಸುವ ದಿನ ಅದು. ಅಲ್ಲಿಗೆ ಹತ್ತು ಜನ ಬಂದು ಕಾಫಿ ಕುಡಿದು ಸಹಿ ಹಾಕಿ ಹೋದರೆ, ಆ ವರ್ಷದ ಲೆಕ್ಕ ಅಷ್ಟಕ್ಕೇ ಮುಚ್ಚಿಹೋಗುತ್ತದೆ. ನಿನ್ನಂತೆ ಓದುಬರಹ ಬಲ್ಲ ಹುಡುಗಿ ಎದ್ದು ನಿಂತು, ‘ಸಾರ್, ಈ ಬಿಲ್ಲಿನ ಕೆಲಸ ಎಲ್ಲಿ ಆಗಿದೆ, ತೋರಿಸಿ’ ಎಂದು ಮೆಲ್ಲಗೆ ಕೇಳಿದರೆ ಸಾಕು, ಸಭೆಯ ಬಣ್ಣವೇ ಬೇರೆ.

ನನಗೆ ಅಬ್ದುಲ್ ನಜೀರ್ ಸಾಬರ ಕಾಲ ನೆನಪಿದೆ. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. ಅವರು ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದಾಗ ರೂಪಿಸಿದ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಹೆಣ್ಣುಮಕ್ಕಳಿಗೆ ಕಾಲುಭಾಗ ಸ್ಥಾನ ಮೀಸಲಿಟ್ಟದ್ದು ಆಗಲೇ. ದೇಶದ ಸಂವಿಧಾನಕ್ಕೆ ಪಂಚಾಯಿತಿಯ ತಿದ್ದುಪಡಿ ಬರುವುದಕ್ಕೂ ಮುಂಚಿನ ಮಾತು ಇದು. ಅಧಿಕಾರಿಯ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದ ಹೆಂಗಸರು ಕುರ್ಚಿಯ ಮೇಲೆ ಕೂತು ನಲ್ಲಿಯ ಲೆಕ್ಕ ಕೇಳಿದ್ದನ್ನು ನೋಡಿ ನನ್ನ ಎದೆ ತುಂಬಿ ಬಂದಿತ್ತು. ಇವತ್ತು ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳದ್ದು. ಗೆದ್ದ ಹೆಂಡತಿಯ ಬದಲು ಗಂಡ ಸಭೆಗೆ ಬಂದು ಕೂರುವ ಊರಿದ್ದರೆ ಅವನನ್ನು ಮರ್ಯಾದೆಯಿಂದಲೇ ಹೊರಗೆ ಕಳಿಸುವ ಧೈರ್ಯ ನಿಮ್ಮ ತಲೆಮಾರಿಗೆ ಬರಲಿ.

ಇಷ್ಟೆಲ್ಲ ಇದ್ದೂ ಊರಿನ ಚುನಾವಣೆಗಳನ್ನು ಮುಂದೂಡುತ್ತಾ ಹೋಗುತ್ತಾರೆ, ನಾವು ಸುಮ್ಮನಿರುತ್ತೇವೆ. ಇದು ನನಗೆ ತೀರಾ ಬೇಸರದ ಸಂಗತಿ. ಬೆಂಗಳೂರು ಪಾಲಿಕೆಗೆ 2015ರಲ್ಲಿ ಆಯ್ಕೆಯಾದವರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಷ್ಟು ದೊಡ್ಡ ಊರಿಗೆ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಓಟು ಹಾಕಿದ್ದು, 2021ರಲ್ಲಿ ಅವಧಿ ಮುಗಿದು ಅವೂ ವರ್ಷಗಟ್ಟಲೆ ಖಾಲಿ ಬಿದ್ದವು. ವಿಧಾನಸಭೆಯ ಚುನಾವಣೆಯನ್ನು ಹೀಗೆ ಒಂದು ತಿಂಗಳು ತಡಮಾಡಿದ್ದರೂ ದೇಶವೇ ಎದ್ದು ಕೂರುತ್ತಿತ್ತು. ಟಿವಿಯಲ್ಲಿ ಬರುವ ಚುನಾವಣೆಗೆ ಕಾತರಿಸುವ ನಾವು ಬೀದಿದೀಪದ ಚುನಾವಣೆ ಎಲ್ಲಿ ಎಂದು ಕೇಳದೆ ಇದ್ದದ್ದೇ ಇದಕ್ಕೆ ಕಾರಣ. ನೀನು ಕೇಳು. ಗೆಳತಿಯರಿಂದಲೂ ಕೇಳಿಸು.

ನೀನು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದೀಯ, ಹೆಸರು ಊರಿನಲ್ಲಿದೆ. ಓದುವವರೆಗೆ ಹಾಗೇ ಇರಲಿ, ವಿದ್ಯಾರ್ಥಿಗಳಿಗೆ ಅಪ್ಪ ಅಮ್ಮನ ಮನೆಯ ವಿಳಾಸವನ್ನೋ ಹಾಸ್ಟೆಲಿನ ವಿಳಾಸವನ್ನೋ ಆರಿಸಿಕೊಳ್ಳಲು ಅವಕಾಶ ಇದೆ. ಎರಡೂ ಕಡೆ ಇಟ್ಟುಕೊಳ್ಳುವುದು ಮಾತ್ರ ಅಪರಾಧ. ಕೆಲಸ ಸಿಕ್ಕಿ ಮನೆ ಮಾಡಿದ ಮೇಲೆ ಹೆಸರನ್ನು ಅಲ್ಲಿಗೆ ವರ್ಗ ಮಾಡಿಸಿಕೋ. ಚುನಾವಣೆಯ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ, ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಜನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದು ಊರಿಗೆ ಹೊರಡುವುದನ್ನು ನೋಡಿದರೆ ನನಗೂ ಪ್ರೀತಿ ಉಕ್ಕುತ್ತದೆ. ಊರಿನ ಋಣ ದೊಡ್ಡದು. ಆದರೆ ನಾಳೆ ಕಸದ ಗಾಡಿ ಬರದೆ ಒದ್ದಾಡುವುದು ನೀನು ಬಾಡಿಗೆಗಿರುವ ಬೀದಿಯಲ್ಲಿ, ಟ್ಯಾಂಕರ್ ನೀರಿಗೆ ದುಡ್ಡು ಕೊಡುವುದೂ ಅಲ್ಲೇ. ಅಲ್ಲಿ ಓಟಿಲ್ಲದವಳ ಮಾತಿಗೆ ಯಾರು ಕಿವಿಗೊಡುತ್ತಾರೆ? 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದ ಮತದಾನ ಶೇ 81 ದಾಟಿತು, ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳಲ್ಲಿ ಶೇ 54ರ ಆಸುಪಾಸಿನಲ್ಲೇ ನಿಂತಿತು. ಬೆಂಗಳೂರಿನವರು ಸೋಮಾರಿಗಳು ಎಂದು ಸುಮ್ಮನೆ ಬೈಯುವವರ ಮಾತು ನನಗೆ ಸರಿಕಾಣುವುದಿಲ್ಲ. ಹೆಸರು ಒಂದು ಕಡೆ, ಬದುಕು ಇನ್ನೊಂದು ಕಡೆ ಇರುವ ಜನ ಆ ಊರಿನಲ್ಲಿ ತುಂಬಾ ಇದ್ದಾರೆ.

ದುಡ್ಡಿನ ಮಾತನ್ನೂ ಹೇಳಿಬಿಡುತ್ತೇನೆ. ಕುಕ್ಕರ್, ಸೀರೆ, ನೋಟಿನ ಕವರು ನಿಮ್ಮ ಬಾಗಿಲಿಗೂ ಬರುತ್ತವೆ. ತಂದುಕೊಡುವವನು ಪರಿಚಯದವನೇ ಆಗಿರುತ್ತಾನೆ, ‘ಇಟ್ಕೊಳಮ್ಮ, ಎಲ್ಲರೂ ತಗೊಂಡಿದ್ದಾರೆ’ ಎನ್ನುತ್ತಾನೆ. ಕೊಟ್ಟವನಿಗೂ ಈಸಿಕೊಂಡವನಿಗೂ ಒಂದು ವರ್ಷದವರೆಗೆ ಜೈಲು ಎಂದು ಕಾನೂನಿದೆ. ಕಾನೂನಿನ ಮಾತು ಪಕ್ಕಕ್ಕಿಡು, ಆ ಕವರು ಮನೆಯೊಳಗೆ ಬಂದ ಮೇಲೆ ಚರಂಡಿಯ ವಿಷಯಕ್ಕೆ ಬಾಯಿ ತೆರೆಯಲು ನಿಮ್ಮಮ್ಮನಿಗೇ ಸಂಕೋಚವಾಗುತ್ತದೆ. ಅದೇ ನಷ್ಟ. ‘ನೀವು ಯಾರಿಗೆ ಹಾಕಿದಿರಿ ಅಂತ ನಮಗೆ ಗೊತ್ತಾಗುತ್ತೆ’ ಎಂದು ಹೆದರಿಸುವವರೂ ಬರುತ್ತಾರೆ. ಒಂದು ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಎಂಬುದು ಎಣಿಕೆಯ ನಂತರ ತಿಳಿಯುತ್ತದೆ, ನಿಜ. ನೀನು ಯಾವ ಗುಂಡಿ ಒತ್ತಿದೆ ಎಂಬುದು ಮಾತ್ರ ಬ್ರಹ್ಮನಿಗೂ ತಿಳಿಯುವುದಿಲ್ಲ. ವಿವಿಪ್ಯಾಟ್ ಗಾಜಿನ ಹಿಂದೆ ನಿನ್ನ ಚೀಟಿ 7 ಸೆಕೆಂಡ್ ಕಾಣುತ್ತದೆ, ನೋಡುವವಳು ನೀನೊಬ್ಬಳೇ. ಮನೆಯ ಯಜಮಾನ ಹೇಳಿದ್ದಕ್ಕೇ ಹಾಕಬೇಕು ಎಂದುಕೊಂಡಿರುವ ನಿನ್ನ ಅಜ್ಜಿಗೂ ಇದನ್ನು ಮೆಲ್ಲಗೆ ತಿಳಿಸು.

ಯಾರೂ ಹಿಡಿಸದಿದ್ದರೆ ನೋಟಾ ಇದೆ, 2013ರಿಂದ. ಅದು ನಿನ್ನ ಹಕ್ಕು, ಆದರೆ ನೋಟಾಕ್ಕೆ ಎಷ್ಟೇ ಬಿದ್ದರೂ ಉಳಿದವರಲ್ಲಿ ಹೆಚ್ಚು ಪಡೆದವನೇ ಗೆದ್ದ ಹಾಗೆ. ಅಭ್ಯರ್ಥಿಗಳ ಪ್ರಮಾಣಪತ್ರ ಓದಿ ಆಮೇಲೆ ತೀರ್ಮಾನ ಮಾಡು. ಆಸ್ತಿ, ಸಾಲ, ಓದು, ಮೇಲಿರುವ ಮೊಕದ್ದಮೆ ಎಲ್ಲವನ್ನೂ ಅದರಲ್ಲಿ ಬರೆದಿರಲೇಬೇಕು.

ಮತದಾನದ ದಿನ ಒಂದು ವಿಷಯ ನೆನಪಿಡು. ಒಳಗೆ ಕೂತಿರುವ ಮೇಷ್ಟ್ರು, ಗುಮಾಸ್ತರು ಹಿಂದಿನ ದಿನವೇ ಮಸ್ಟರಿಂಗ್ ಕೇಂದ್ರದಲ್ಲಿ ಯಂತ್ರ ಎಣಿಸಿಕೊಂಡು, ಬಸ್ಸಿನಲ್ಲಿ ಕುಲುಕಿಕೊಂಡು ಬಂದು, ಶಾಲೆಯ ಬೆಂಚು ಜೋಡಿಸಿ ಮಲಗಿದವರು. ಏಳಕ್ಕೆ ಮತದಾನ ಶುರುವಾಗುವುದಕ್ಕೆ ಒಂದೂವರೆ ಗಂಟೆ ಮುಂಚೆಯೇ ಏಜೆಂಟರ ಎದುರು ಅಣಕು ಮತದಾನ ಮಾಡಿ, ಅದನ್ನು ಅಳಿಸಿ, ಸೀಲು ಹಾಕಿರುತ್ತಾರೆ. ನಾನೂ ಆ ಕುರ್ಚಿಯಲ್ಲಿ ಕೂತವನು. ಒಳಗೆ ಬಂದವರು ನಮಸ್ಕಾರ ಎಂದರೆ ಆ ಆಯಾಸಕ್ಕೆ ಅದೇ ತಂಪು. ಸಂಜೆ ಹೊತ್ತಾಯಿತೆಂದು ಸಾಲು ಬಿಟ್ಟು ಹೊರಡಬೇಡ. ಮುಚ್ಚುವ ಹೊತ್ತಿಗೆ ಸಾಲಿನಲ್ಲಿರುವವರಿಗೆಲ್ಲ ಕೊನೆಯವರಿಂದ ಹಿಡಿದು ಚೀಟಿ ಕೊಡುತ್ತಾರೆ, ಅವರೆಲ್ಲ ಹಾಕಿ ಮುಗಿಯುವವರೆಗೆ ಯಂತ್ರ ಮುಚ್ಚುವುದಿಲ್ಲ. ನಿನ್ನ ಹೆಸರಿನಲ್ಲಿ ಯಾರೋ ಆಗಲೇ ಹಾಕಿಹೋಗಿದ್ದರೆ ಅಳುಮುಖ ಮಾಡಿ ಹಿಂದಿರುಗಬೇಡ, ಟೆಂಡರ್ ವೋಟು ಕೊಡಿ ಎಂದು ಕೇಳು. ಕಾಗದದ ಮತಪತ್ರ ಕೊಟ್ಟು ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಕೊನೆಗೆ ಬೆರಳಿಗೆ ಬೀಳುವ ಆ ಶಾಯಿ ನಮ್ಮ ಮೈಸೂರಿನದು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಕಟ್ಟಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆಯಿಂದ 1962ರ ಚುನಾವಣೆಯಿಂದೀಚೆಗೆ ದೇಶಕ್ಕೆಲ್ಲ ಹೋಗುತ್ತಿದೆ.

‘ನನ್ನ ಒಂದು ಓಟಿನಿಂದ ಏನಾಗುತ್ತೆ’ ಎನ್ನುವವರಿಗೆ ಸಂತೇಮರಹಳ್ಳಿಯ ಕಥೆ ಹೇಳು. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಕಾರಿನ ಚಾಲಕನಿಗೆ ಆ ದಿನ ಓಟು ಹಾಕಿ ಬರಲು ಬಿಡುವು ಸಿಗಲಿಲ್ಲ ಎಂಬ ಮಾತು ಈಗಲೂ ಆ ಕಡೆ ಓಡಾಡುತ್ತದೆ. ಕೃಷ್ಣಮೂರ್ತಿಯವರು ಮುಂದೆ 2023ರಲ್ಲಿ ಕೊಳ್ಳೇಗಾಲದಿಂದ ದೊಡ್ಡ ಅಂತರದಲ್ಲಿ ಗೆದ್ದರು. ಹತ್ತೊಂಬತ್ತು ವರ್ಷ ಕಾಯಬೇಕಾಯಿತು. ವಿಧಾನಸಭೆಯಲ್ಲೇ ಹೀಗಾದರೆ 400 ಜನಕ್ಕೊಬ್ಬ ಸದಸ್ಯನಿರುವ ಪಂಚಾಯಿತಿಯಲ್ಲಿ ನಿನ್ನ ಮನೆಯ ನಾಲ್ಕು ಓಟಿಗೆ ಎಷ್ಟು ಬೆಲೆ ಎಂದು ಊಹಿಸು.

ಕಡೆಯದಾಗಿ ಒಂದು ಕೆಲಸ ಹೇಳುತ್ತೇನೆ, ಇವತ್ತೇ ಮಾಡು. ಗುರುತಿನ ಚೀಟಿ ಕೈಯಲ್ಲಿದ್ದ ಮಾತ್ರಕ್ಕೆ ಹೆಸರು ಪಟ್ಟಿಯಲ್ಲಿದೆ ಎಂದುಕೊಳ್ಳಬೇಡ. ಎಷ್ಟೋ ಜನ ಮತಗಟ್ಟೆಯ ಬಾಗಿಲಲ್ಲಿ ಅದನ್ನು ಹಿಡಿದು ನಿಂತು, ಪಟ್ಟಿಯಲ್ಲಿ ಹೆಸರಿಲ್ಲದೆ ವಾಪಸು ಹೋದದ್ದನ್ನು ನೋಡಿ ನನ್ನ ಹೊಟ್ಟೆ ಉರಿದಿದೆ. ನಿನ್ನದು, ನಿಮ್ಮಮ್ಮನದು, ಅಜ್ಜಿಯದು, ಮೂರೂ ಹೆಸರು ಮೊಬೈಲಿನಲ್ಲಿ ಹುಡುಕಿ ನೋಡು. ಹೆಸರಿಲ್ಲದಿದ್ದರೆ ನಮೂನೆ 6, ಕಾಗುಣಿತ ತಪ್ಪಿದ್ದರೆ ಅಥವಾ ವಿಳಾಸ ಬದಲಾಗಿದ್ದರೆ ನಮೂನೆ 8. ಹದಿನೆಂಟು ತುಂಬಲಿರುವ ನಿನ್ನ ತಮ್ಮನಿಗೂ ಹೇಳು, ಮೊದಲಿನಂತೆ ಜನವರಿ 1ಕ್ಕೇ ಕಾಯಬೇಕಿಲ್ಲ, ಈಗ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1ಕ್ಕೂ ಲೆಕ್ಕ ಹಿಡಿಯುತ್ತಾರೆ. ಪಟ್ಟಿಯ ಕೆಲಸಕ್ಕೆ ಮನೆಗೆ ಬರುವ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಅಂಗನವಾಡಿಯ ಅಕ್ಕನೋ ಶಾಲೆಯ ಮೇಡಮ್ಮೋ ಆಗಿರುತ್ತಾರೆ, ಬಿಸಿಲಲ್ಲಿ ಬಂದವರಿಗೆ ಒಂದು ಲೋಟ ಮಜ್ಜಿಗೆ ಕೊಡು. ಏನೂ ತೋಚದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನು ಮಾಡು.