ಬ್ರೋಷರಿನ ಕಾವೇರಿ, ಸಂಪಿನ ಟ್ಯಾಂಕರ್

ಬೆಂಗಳೂರಿನ ಹೊರವಲಯದಲ್ಲಿ ಫ್ಲ್ಯಾಟ್ ತೋರಿಸಲು ಬರುವ ಹುಡುಗನನ್ನು ನೀರಿನ ಬಗ್ಗೆ ಒಮ್ಮೆ ಕೇಳಿ ನೋಡಿ. ‘ಕಾವೇರಿ ಬರುತ್ತೆ ಸಾರ್, ಲೈನ್ ಹಾಕಿ ಆಗಿದೆ’ ಎನ್ನುತ್ತಾನೆ. ಪೂರ್ತಿ ಸುಳ್ಳೇನೂ ಅಲ್ಲ. ರಸ್ತೆ ಅಗೆದು ಪೈಪ್ ಹೂತಿರುತ್ತಾರೆ. ಅದರಲ್ಲಿ ನೀರು ಯಾವ ವರ್ಷ ಹರಿಯುತ್ತದೆ ಎಂದು ಮಾತ್ರ ಆತ ಹೇಳಿಲ್ಲ, ನಾವೂ ಕೇಳಿರುವುದಿಲ್ಲ.

ಹೀಗೆ ಮನೆ ಕೊಂಡ ದಂಪತಿಯೊಬ್ಬರು ಸಲಹೆ ಕೇಳಲು ಬಂದಿದ್ದರು. ರಬ್ಬರ್ ಬ್ಯಾಂಡ್ ಹಾಕಿದ ಟ್ಯಾಂಕರ್ ಚೀಟಿಗಳ ಕಟ್ಟನ್ನು ಮೇಜಿನ ಮೇಲೆ ಇಟ್ಟರು. ಒಂದೊಂದನ್ನೇ ತಿರುವಿ ಹಾಕಿದೆ. ಪ್ರತಿಯೊಂದರಲ್ಲೂ ‘1 ಲೋಡ್’ ಎಂದು ಬರೆದು ಪಕ್ಕದಲ್ಲಿ ಮೊತ್ತ ಹಾಕಿದೆ. ಎಷ್ಟು ಲೀಟರ್ ಎಂಬುದಿಲ್ಲ, ಗಾಡಿ ನಂಬರ್ ಇಲ್ಲ, ಕೆಲವದರಲ್ಲಿ ತಾರೀಕೂ ಇಲ್ಲ. ಬಿಲ್ಡರ್ ಕೊಟ್ಟಿದ್ದ ಬ್ರೋಷರ್ ಎಲ್ಲಿ ಎಂದೆ. ಮನೆ ಬದಲಿಸುವಾಗ ರದ್ದಿಗೆ ಹೋಯಿತಂತೆ. ನನಗೆ ಹೊಟ್ಟೆ ಉರಿದದ್ದು ಅಲ್ಲಿ. ಆ ಕಟ್ಟಿನ ನೂರು ಚೀಟಿಗಳಿಗಿಂತ ರದ್ದಿಗೆ ಹೋದ ಆ ಒಂದು ಹಾಳೆ ಹೆಚ್ಚು ಬೆಲೆಯದು.

ಯಾಕೆ ಎಂದು ಹೇಳುತ್ತೇನೆ. ಅದಕ್ಕೆ ಮೊದಲು ಊರು ಬೆಳೆದ ಬಗೆಯನ್ನು ಸ್ವಲ್ಪ ನೋಡಬೇಕು. 2007ರಲ್ಲಿ 7 ನಗರಸಭೆ, 1 ಪುರಸಭೆ ಮತ್ತು ಸುತ್ತಲಿನ 110 ಹಳ್ಳಿಗಳು ಬೆಂಗಳೂರು ಪಾಲಿಕೆಗೆ ಸೇರಿದವು. ನಕ್ಷೆಯ ಗೆರೆ ಒಂದು ಆದೇಶದಲ್ಲಿ ಸರಿಯಿತು, ನೀರಿನ ಕೊಳವೆ ಹಾಗೆ ಸರಿಯುವಂಥದ್ದಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಮೇಲಕ್ಕೆ ಪಂಪ್ ಮಾಡುತ್ತಾ ತರಬೇಕು. ಅದೇ ವರ್ಷ ಬಂದ ಕಾವೇರಿ ನ್ಯಾಯಾಧೀಕರಣದ ತೀರ್ಪು ನಗರದ ಮೂರನೇ ಒಂದು ಭಾಗ ಮಾತ್ರ ಕಣಿವೆಯೊಳಗಿದೆ ಎಂದು ಕುಡಿಯುವ ನೀರಿನ ಲೆಕ್ಕವನ್ನೇ ಕಡಿಮೆ ಮಾಡಿತ್ತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು ತಿದ್ದಿತು. ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆಂದೇ ಬಂತು. 110 ಹಳ್ಳಿಗಳಿಗಾಗಿ ರೂಪಿಸಿದ ಐದನೇ ಹಂತದ ಯೋಜನೆ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ್ದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಎಂದರೆ ಗಡಿಯೊಳಗೆ ಬಂದ 17 ವರ್ಷಕ್ಕೆ. ಈ ನಡುವೆ ಅಲ್ಲಿ ಎದ್ದ ಅಪಾರ್ಟ್‌ಮೆಂಟ್‌ಗಳು ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿಯೇ ಬೆಳೆದವು.

ಈಗ ಬ್ರೋಷರಿಗೆ ಬರೋಣ. ರೇರಾ ಎಂದು ನಾವು ಕರೆಯುವ 2016ರ ಕಾಯ್ದೆಯ 12ನೇ ಕಲಂ ಹೇಳುವುದಿಷ್ಟು: ಜಾಹೀರಾತು ಅಥವಾ ಪ್ರಚಾರಪತ್ರದ ಮಾತನ್ನು ನಂಬಿ ಮುಂಗಡ ಕೊಟ್ಟವನಿಗೆ ಆ ಮಾತು ಸುಳ್ಳಾಗಿ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು, ಕೊಂಡವನು ಹಿಂದೆ ಸರಿಯುತ್ತೇನೆಂದರೆ ಹಣವನ್ನು ಬಡ್ಡಿ ಸಮೇತ ಮರಳಿಸಬೇಕು. 19ನೇ ಕಲಂ ಇನ್ನೂ ನೇರ. ಯೋಜನೆ ಯಾವ ಹಂತದಲ್ಲಿ ಯಾವಾಗ ಮುಗಿಯುತ್ತದೆ, ಅದರಲ್ಲೂ ನೀರು, ನೈರ್ಮಲ್ಯ, ವಿದ್ಯುತ್ ಯಾವಾಗ ಎಂಬ ವೇಳಾಪಟ್ಟಿ ತಿಳಿಯುವ ಹಕ್ಕು ಕೊಳ್ಳುವವನಿಗಿದೆ. ಕಾಯ್ದೆಯಲ್ಲಿ ‘ನೀರು’ ಎಂಬ ಪದವನ್ನೇ ಬರೆದಿದ್ದಾರೆ. ಆದ್ದರಿಂದ ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲು ಇ-ಮೇಲಿನಲ್ಲಿ ಒಂದು ಪ್ರಶ್ನೆ ಕಳಿಸಿ: ಜಲಮಂಡಳಿ ಸಂಪರ್ಕಕ್ಕೆ ಅರ್ಜಿ ಹಾಕಿದ್ದೀರಾ, ಮಂಜೂರಾತಿ ಪತ್ರದ ಪ್ರತಿ ಕೊಡುತ್ತೀರಾ, ಅದು ಬರುವವರೆಗೆ ಟ್ಯಾಂಕರ್ ಖರ್ಚು ಯಾರದು? ಉತ್ತರ ಬಂದರೆ ಸಾಕ್ಷಿ. ಉತ್ತರದ ಬದಲು ಫೋನ್ ಬಂದರೆ ಅದೂ ಒಂದು ಉತ್ತರವೇ.

ಮನೆ ಕೈಗೆ ಬಂದ ಮೇಲೆ 14ನೇ ಕಲಂ ಇದೆ. ಸ್ವಾಧೀನ ಸಿಕ್ಕ 5 ವರ್ಷದೊಳಗೆ ಕಟ್ಟಡದ ಗುಣಮಟ್ಟದಲ್ಲೋ, ಒದಗಿಸಬೇಕಾದ ಸೇವೆಗಳಲ್ಲೋ ದೋಷ ಕಂಡರೆ, ತಿಳಿಸಿದ 30 ದಿನದೊಳಗೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಸರಿಪಡಿಸದಿದ್ದರೆ ರೇರಾ ಪ್ರಾಧಿಕಾರಕ್ಕೆ ಆನ್‌ಲೈನಿನಲ್ಲೇ ದೂರು ಕೊಡಬಹುದು.

ಇಲ್ಲಿ ಒಂದು ಗಂಟಿದೆ: ಸ್ವಾಧೀನಾನುಭವ ಪ್ರಮಾಣಪತ್ರ, ಎಲ್ಲರ ಬಾಯಲ್ಲಿ ‘ಓಸಿ’. ಓಸಿ ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್, ಒಳಚರಂಡಿ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಹೇಳಿತು. ಸಣ್ಣ ನಿವೇಶನಗಳಿಗೆ ಇರುವ ವಿನಾಯಿತಿ ನಿಮಗೆ ಅನ್ವಯಿಸುತ್ತದೆಯೇ ಎಂಬುದನ್ನು ಪಾಲಿಕೆ ಕಚೇರಿಯಲ್ಲಿ ಕೇಳಿಕೊಳ್ಳಿ. ಆದರೆ ‘ಓಸಿ ಆಮೇಲೆ ತಗೊಂಡ್ರಾಯ್ತು’ ಎನ್ನುವ ಬಿಲ್ಡರ್ ನಿಜಕ್ಕೂ ಹೇಳುತ್ತಿರುವುದು ‘ನೀರು ಆಮೇಲೆ’ ಎಂದೇ.

ಸಂಪರ್ಕಕ್ಕೆ ಅರ್ಜಿ ಹಾಕುವ ವಿಧಾನವನ್ನು ಇಲ್ಲಿ ವಿವರಿಸುವುದಿಲ್ಲ, ಜಲಮಂಡಳಿಯ ಜಾಲತಾಣದಲ್ಲಿದೆ. ಎರಡು ಎಚ್ಚರಿಕೆ ಮಾತ್ರ. ಕಟ್ಟಬೇಕಾದ ಮೊತ್ತವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ಯಾವ ಶುಲ್ಕ ಎಷ್ಟು ಎಂದು ಬಿಡಿಸಿ ಬರೆದ ಡಿಮ್ಯಾಂಡ್ ನೋಟಿಸ್ ಕೇಳಿ. ಇನ್ನೊಂದು, ಮಂಡಳಿಯ ಹಲವು ಸೇವೆಗಳು ಸಕಾಲ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಸ್ವೀಕೃತಿಯಲ್ಲಿ 15 ಅಂಕಿಯ ಸಂಖ್ಯೆ ಇರಬೇಕು. ಗಡುವು ಮೀರಿದರೆ ಸಿಗುವ ಪರಿಹಾರ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ನಗು ಬರುವ ಮೊತ್ತ, ಒಪ್ಪಿದೆ. ಆದರೆ ಅದು ತಡಮಾಡಿದ ನೌಕರನ ಜೇಬಿನಿಂದ ಹೋಗಬೇಕಾದದ್ದು, ಅದಕ್ಕೇ ಕಡತ ಸರಿದಾಡುತ್ತದೆ.

ನಲ್ಲಿ ಬಂದ ಮೇಲಿನ ಜಗಳ ಬೇರೆಯದೇ. ವಾರಕ್ಕೆರಡು ದಿನ ನೀರು, ಅದಕ್ಕೆ ಮೊದಲು ಖಾಲಿ ಕೊಳವೆಯ ಗಾಳಿ ಸುಯ್ಯೆಂದು ನುಗ್ಗಿ ಬರುತ್ತದೆ, ಮೀಟರಿನ ಮುಳ್ಳು ಆ ಗಾಳಿಗೂ ತಿರುಗುತ್ತದೆ. ಬಿಲ್ ನೋಡಿ ಎದೆ ಝಲ್ಲೆಂದವರು ಮೊದಲು 1916ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಆಮೇಲೆ ನಿಮ್ಮ ಉಪವಿಭಾಗದ ನೀರಿನ ಅದಾಲತ್ತಿಗೆ ಹೋಗಿ. ಅಲ್ಲೂ ಬಗೆಹರಿಯದಿದ್ದರೆ ನೇರ ಹೈಕೋರ್ಟಿಗೆ ಓಡಬೇಡಿ. ಶುದ್ಧ ನೀರು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ನಿಜ. ಆದರೆ ಒಂದು ಮನೆಯ ಮೀಟರ್ ಜಗಳಕ್ಕೆ ಅಷ್ಟು ದೊಡ್ಡ ಅಸ್ತ್ರ ಬೇಕಿಲ್ಲ.

ಬೇಕಾದದ್ದು ಖಾಯಂ ಜನತಾ ನ್ಯಾಯಾಲಯ. ವಕೀಲರಲ್ಲೂ ಅನೇಕರು ಇದನ್ನು ಮರೆತಿರುತ್ತಾರೆ. ಆಗೊಮ್ಮೆ ಈಗೊಮ್ಮೆ ಶನಿವಾರ ನಡೆಯುವ ಲೋಕ ಅದಾಲತ್ ಇದಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 22ಎಯಿಂದ ಮುಂದಿನ ಕಲಂಗಳಡಿ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆಂದೇ ಸ್ಥಾಪನೆಯಾದ ಪೀಠ. ಜನರಿಗೆ ನೀರು ಪೂರೈಸುವ ಸಂಸ್ಥೆ ಆ ಪಟ್ಟಿಯಲ್ಲಿದೆ. ಕೋರ್ಟ್ ಶುಲ್ಕವಿಲ್ಲ, 1 ಕೋಟಿ ರೂಪಾಯಿವರೆಗಿನ ವ್ಯಾಜ್ಯ ತೆಗೆದುಕೊಳ್ಳುತ್ತಾರೆ, ವಕೀಲರಿಲ್ಲದೆ ನೀವೇ ಅರ್ಜಿ ಕೊಡಬಹುದು. ಮೊದಲು ರಾಜಿ ಯತ್ನ. ಸಾಮಾನ್ಯ ಲೋಕ ಅದಾಲತ್ತಿನಲ್ಲಿ ಎದುರಾಳಿ ತಲೆಯಲ್ಲಾಡಿಸಿದರೆ ಅಲ್ಲಿಗೆ ಮುಗಿಯಿತು. ಇಲ್ಲಿ ರಾಜಿಯಾಗದಿದ್ದರೆ ಪೀಠವೇ ತೀರ್ಪು ಕೊಡುತ್ತದೆ, ಅದರ ಮೇಲೆ ಮಾಮೂಲಿ ಅಪೀಲಿಲ್ಲ. ಒಂದೇ ಷರತ್ತು, ಅದೇ ವಿವಾದ ಅದಕ್ಕೆ ಮೊದಲು ಬೇರೆ ಕೋರ್ಟಿಗೆ ಹೋಗಿರಬಾರದು. ಗ್ರಾಹಕ ಆಯೋಗದ ಬಾಗಿಲೂ ಇದೆ, 2 ವರ್ಷದೊಳಗೆ ತಟ್ಟಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಸಾಕ್ಷಿ ಎಲ್ಲಿಂದ ತರುವುದು? ಮಾಹಿತಿ ಹಕ್ಕಿನ ಅರ್ಜಿಯಿಂದ. ಬಹಳ ಜನ ಎಡವುವುದು ಪ್ರಶ್ನೆ ಕೇಳುವ ರೀತಿಯಲ್ಲಿ. ‘ನಮ್ಮ ಬಡಾವಣೆಗೆ ನೀರು ಯಾಕೆ ಬಿಡುತ್ತಿಲ್ಲ?’ ಎಂದರೆ, ಕಾರಣ ವಿವರಿಸುವುದು ಕಾಯ್ದೆಯಡಿ ಬರುವುದಿಲ್ಲ ಎಂದು ಸುಲಭವಾಗಿ ವಾಪಸ್ ಮಾಡುತ್ತಾರೆ. ದಾಖಲೆ ಕೇಳಿ: ‘ಇಂಥ ಬಡಾವಣೆಯ ಇಂಥ ಅಡ್ಡರಸ್ತೆಗೆ ಕಳೆದ ಮೂರು ತಿಂಗಳಲ್ಲಿ ನೀರು ಬಿಟ್ಟ ದಿನ, ಸಮಯಗಳ ದಾಖಲೆಯ ದೃಢೀಕೃತ ಪ್ರತಿ.’ ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದ ಮೀರದಂತಿರಲಿ, 10 ರೂಪಾಯಿ ಶುಲ್ಕ. ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಂಥ ದಾಖಲೆಯೇ ಇಲ್ಲ ಎಂದು ಬರೆದುಕೊಟ್ಟರೂ ಬೇಸರ ಬೇಡ, ಖಾಯಂ ಜನತಾ ನ್ಯಾಯಾಲಯದಲ್ಲಿ ಆ ಪತ್ರ ನಿಮ್ಮ ಪರವಾಗಿಯೇ ಮಾತಾಡುತ್ತದೆ.

ಟ್ಯಾಂಕರಿನವರ ವಿಷಯ. 2024ರ ಮಾರ್ಚ್‌ನ ಬರಗಾಲದಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ಎಂದು ನಾಲ್ಕು ತಿಂಗಳ ಮಟ್ಟಿಗೆ ದರ ಕಟ್ಟಿತ್ತು. ದರ ಲೀಟರಿಗೆ, ‘ಲೋಡಿ’ಗಲ್ಲ ಎಂಬುದನ್ನು ಗಮನಿಸಿ. ನಿಮ್ಮ ಸಂಘದ ಕಾವಲುಗಾರನ ಕೈಗೆ ಒಂದು ರಿಜಿಸ್ಟರ್ ಕೊಡಿ: ತಾರೀಕು, ಗಾಡಿ ನಂಬರ್, ಲೀಟರ್, ಸಹಿ. ಪಕ್ಕದ ನಿವೇಶನದಲ್ಲಿ ಹೊಸ ಬೋರ್‌ವೆಲ್ ಕೊರೆಯುವ ಲಾರಿ ಬಂದು ನಿಂತರೆ ಪರವಾನಗಿ ತೋರಿಸಿ ಎಂದು ಕೇಳಬಹುದು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಕೊರೆಯಬಾರದೆಂಬ ರಾಜ್ಯ ಕಾಯ್ದೆ ಹಳ್ಳಿಗಳಲ್ಲೂ ಇದೆ. ಹಳ್ಳಿಯವರಿಗೆ ಇನ್ನೊಂದು ಲೆಕ್ಕ ಗೊತ್ತಿರಲಿ: ಜಲ ಜೀವನ್ ಮಿಷನ್ ಅಡಿ ತಲೆಗೆ ದಿನಕ್ಕೆ 55 ಲೀಟರ್. ನಲ್ಲಿ ನೆಟ್ಟು ಫೋಟೊ ತೆಗೆದು ಹೋದವರು ನೀರು ಬಿಡದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ, ಅದು ನಡಾವಳಿ ಪುಸ್ತಕದಲ್ಲಿ ಬರೆದಾಗುವವರೆಗೆ ಕೂರಬೇಡಿ.

ಆ ದಂಪತಿಗೆ ಬ್ರೋಷರ್ ಸಿಕ್ಕಿತು. ರದ್ದಿಯಲ್ಲಲ್ಲ, ಮೂರನೇ ಮಹಡಿಯ ಅಜ್ಜಿಯೊಬ್ಬರ ಮನೆಯಲ್ಲಿ. ನುಣ್ಣನೆಯ ದಪ್ಪ ಕಾಗದ ಚೆನ್ನಾಗಿದೆಯೆಂದು ಬೇಳೆ ಡಬ್ಬಿಗಳ ಕೆಳಗೆ ಹಾಸಿದ್ದರಂತೆ. ಅರಿಸಿನದ ಕಲೆಯ ಪಕ್ಕದಲ್ಲೇ ‘24 ಗಂಟೆ ಕಾವೇರಿ ನೀರು’ ಎಂಬ ಸಾಲು ಓದಲು ಬರುವಂತಿತ್ತು. ಅದರ ಪ್ರತಿ ತೆಗೆಸಿ ದೂರಿಗೆ ಅನುಬಂಧ 1 ಎಂದು ಲಗತ್ತಿಸಿದೆವು.