ಹೊರೆಯೆತ್ತುವ ಬಂಡಿ

ತುಂಗೆಯ ದಡದ ಶಿವಮೊಗ್ಗಕ್ಕೂ ಭದ್ರೆಯ ದಡದ ಭದ್ರಾವತಿಗೂ ನಡುವಣ ದೂರ ಸುಮಾರು 20 ಕಿಲೋಮೀಟರು. ಒಂದು ಅಡಿಕೆಯ ಮಂಡಿಗಳಿಗೆ ಹೆಸರಾದುದು. ಇನ್ನೊಂದು ಕಬ್ಬಿಣಕ್ಕೆ, ಕಾಗದಕ್ಕೆ. 1918ರಲ್ಲಿ ಸ್ಥಾಪನೆಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ತೆಗೆಯತೊಡಗಿತು. 1936ರಲ್ಲಿ ಅದೇ ಊರಿಗೆ ಕಾಗದದ ಕಾರ್ಖಾನೆ ಬಂದಿತು; ಅಲ್ಲಿನ ತಯಾರಿಕೆ 2015ರಲ್ಲಿ ನಿಂತುಹೋಯಿತು. ಎರಡು ಊರುಗಳ ನಡುವೆ, ಹೆದ್ದಾರಿಯ ಮಗ್ಗುಲಿನ ಮಾಚೇನಹಳ್ಳಿಯಲ್ಲಿ, ಈಗ ಕೈಗಾರಿಕಾ ಪ್ರದೇಶವೊಂದು ಬೆಳೆದಿದೆ. ಅಡಿಕೆಯ ಮೂಟೆಯಾಗಲಿ, ಎರಕದ ಬಿಡಿಭಾಗವಾಗಲಿ, ಯಾವ ಸರಕೂ ತಾನಾಗಿ ಲಾರಿಯನ್ನೇರುವುದಿಲ್ಲ.

ಬಹುಕಾಲ ಈ ಭಾರವೆಲ್ಲ ಹಮಾಲರ ಬೆನ್ನಿನ ಮೇಲೆಯೇ ಇದ್ದಿತು. ಮಂಡಿಗಳಲ್ಲಿ ಇಂದಿಗೂ ಅದು ಪೂರ್ತಿಯಾಗಿ ಇಳಿದಿಲ್ಲ. ದೇಹಕ್ಕೆ ಅಪಾಯವಾಗುವಷ್ಟು ಭಾರವನ್ನು ಕಾರ್ಮಿಕನಿಂದ ಹೊರಿಸಕೂಡದೆಂದು 1948ರ ಕಾರ್ಖಾನೆಗಳ ಕಾಯಿದೆ ವಿಧಿಸಿತು. ಆದರೆ ಮನುಷ್ಯನು ಹೊರದ ಭಾರವನ್ನು ಬೇರೆ ಯಾವುದಾದರೂ ಹೊರಬೇಕಷ್ಟೆ. ಆ ಕೆಲಸಕ್ಕೆ ಒದಗಿದ ಯಂತ್ರಗಳಲ್ಲಿ ಫೋರ್ಕ್‌ಲಿಫ್ಟ್ ಮುಖ್ಯವಾದುದು.

ಇದರ ಮುಂಭಾಗದಲ್ಲಿ ನೆಟ್ಟಗೆ ನಿಂತ ಉಕ್ಕಿನ ಚೌಕಟ್ಟು. ಅದರಿಂದ ಮುಂದಕ್ಕೆ ಚಾಚಿದ ಎರಡು ಚಪ್ಪಟೆ ಕೈಗಳು. ಸರಕನ್ನು ಪ್ಯಾಲೆಟ್ ಎಂಬ ಮರದ ಹಲಗೆಯ ಮಣೆಯ ಮೇಲೆ ಪೇರಿಸಿರುತ್ತಾರೆ. ಮಣೆಯ ಅಡಿಯ ಸಂದಿಯಲ್ಲಿ ಕೈಗಳು ನುಗ್ಗುತ್ತವೆ. ಒತ್ತಡಕ್ಕೊಳಗಾದ ಎಣ್ಣೆಯು ಅವನ್ನು ಮೇಲೆತ್ತುತ್ತದೆ.

ತನ್ನ ಮುಂದೆ ಟನ್ನುಗಟ್ಟಲೆ ಭಾರವನ್ನು ಹಿಡಿದೂ ಬಂಡಿ ಮುಗ್ಗರಿಸದಿರುವುದು ಹೇಗೆ? ಇದು ಚಕ್ರಗಳ ಮೇಲೆ ಕುಳಿತ ಸನ್ನೆಗೋಲು. ಮುಂದಿನ ಗಾಲಿಗಳ ಅಚ್ಚೇ ಅದರ ಆಧಾರಬಿಂದು. ಒಂದು ಕಡೆ ಹೊರೆ. ಇನ್ನೊಂದು ಕಡೆ ಬಂಡಿಯ ತೂಕ ಮತ್ತು ಹಿಂಭಾಗದಲ್ಲಿ ಅಳವಡಿಸಿದ ಪ್ರತಿಭಾರ. ಇಲ್ಲಿ ತೂಕವೊಂದೇ ಅಲ್ಲ, ದೂರವೂ ಲೆಕ್ಕಕ್ಕೆ ಬರುತ್ತದೆ. ಅಚ್ಚಿನಿಂದ ಕೈಗಳ ಬುಡಕ್ಕೆ 40 ಸೆಂಟಿಮೀಟರು, ಅಲ್ಲಿಂದ ಹೊರೆಯ ಗುರುತ್ವ ಕೇಂದ್ರಕ್ಕೆ 50 ಸೆಂಟಿಮೀಟರು ಇರುವಾಗ ಬಂಡಿಯ ಮಿತಿ 2,000 ಕಿಲೋಗ್ರಾಂ ಎಂದು ಭಾವಿಸಬಹುದು. 2,000ವನ್ನು 90ರಿಂದ ಗುಣಿಸಿದರೆ 1,80,000. ಉದ್ದನೆಯ ಪೆಟ್ಟಿಗೆಯನ್ನೆತ್ತಿದಾಗ ಆ ಕೇಂದ್ರ 75 ಸೆಂಟಿಮೀಟರಿಗೆ ಸರಿದರೆ ಒಟ್ಟು ದೂರ 115 ಆಗುತ್ತದೆ. ಎತ್ತಬಹುದಾದ ಭಾರ ಸುಮಾರು 1,565 ಕಿಲೋಗ್ರಾಂಗೆ ಇಳಿಯುತ್ತದೆ. ಬಂಡಿ ಅದೇ, ಚಾಲಕನೂ ಅವನೇ; ಗೇಣು ದೂರವೊಂದು 435 ಕಿಲೋಗ್ರಾಂ ಶಕ್ತಿಯನ್ನು ನುಂಗಿತು! ಆದುದರಿಂದಲೇ ಹೊರೆಯನ್ನು ಕೈಗಳ ಬುಡಕ್ಕೆ ಒತ್ತಿನಿಲ್ಲಿಸಬೇಕು. ಬಂಡಿಗೆ ಜಡಿದ ಫಲಕದಲ್ಲಿನ ಮಿತಿಯನ್ನು ಓದಿಯೇ ಎತ್ತಬೇಕು. ಹಿಂಗಾಲಿಗಳು ನೆಲ ಬಿಡುತ್ತವೆಂದು ಇಬ್ಬರು ಕೂಲಿಗಳನ್ನು ಹಿಂದೆ ಕೂರಿಸಿಕೊಳ್ಳುವುದು ಸಾಹಸವಲ್ಲ, ಅವಿವೇಕ. ಈ ಬಂಡಿ ತಿರುಗುವುದು ಹಿಂದಿನ ಗಾಲಿಗಳಿಂದ; ಅವು ಹಗುರಾದರೆ ಚುಕ್ಕಾಣಿಯೂ ಕೈತಪ್ಪುತ್ತದೆ.

ಮುಂದಕ್ಕೆ ಮುಗ್ಗರಿಸುವುದಕ್ಕಿಂತ ಪಕ್ಕಕ್ಕೆ ಉರುಳುವುದು ಘೋರ. ಮುಂದಿನ ಎರಡು ಗಾಲಿಗಳು ಹಾಗೂ ಹಿಂದಿನ ಅಚ್ಚಿನ ನಡುಬಿಂದು ಸೇರಿ ಒಂದು ತ್ರಿಕೋನವಾಗುತ್ತದೆ. ಬಂಡಿ ಮತ್ತು ಹೊರೆಯ ಒಟ್ಟು ಗುರುತ್ವ ಕೇಂದ್ರದ ಲಂಬರೇಖೆ ಇದರೊಳಗೆ ಇರುವ ತನಕ ಭಯವಿಲ್ಲ. ಹೊರೆಯನ್ನು ಎತ್ತರದಲ್ಲಿ ಹಿಡಿದು ವೇಗವಾಗಿ ತಿರುಗಿದರೆ ಕ್ಷಣಮಾತ್ರದಲ್ಲಿ ಬಂಡಿ ಮಗುಚಿಬೀಳಬಹುದು. ಸಾಗುವಾಗ ಕೈಗಳು ನೆಲದಿಂದ ಸುಮಾರು 15 ಸೆಂಟಿಮೀಟರು ಮಾತ್ರ ಮೇಲಿದ್ದು, ಚೌಕಟ್ಟು ತುಸು ಹಿಂದಕ್ಕೆ ಬಾಗಿರಬೇಕು. ಇಳಿಜಾರಿನಲ್ಲಿ ಹೊರೆಯ ಮುಖ ಯಾವಾಗಲೂ ಏರಿನ ಕಡೆಗೇ; ಅಂದರೆ, ಹತ್ತುವಾಗ ಮುಂದಾಗಿ, ಇಳಿಯುವಾಗ ಹಿಂದಾಗಿ. ಹೊರೆ ಕಣ್ಣಿಗೆ ಅಡ್ಡವಾದರೆ ಸಮನೆಲದಲ್ಲಿಯೂ ಹಿಂಬದಿಯಾಗಿ ನಡೆಸುವುದು ಲೇಸು. ಎತ್ತಿದ ಕೈಗಳ ಕೆಳಗೆ ಯಾರೂ ನಿಲ್ಲಕೂಡದು.

ಇಷ್ಟಾಗಿಯೂ ಬಂಡಿ ಪಕ್ಕಕ್ಕೆ ಉರುಳತೊಡಗಿದರೆ? ಹೊರಕ್ಕೆ ಹಾರಿಬಿಡಬೇಕೆನ್ನಿಸುವುದು ಸಹಜ. ಆದರೆ ಹಾರಿದವನ ಮೇಲೆಯೇ ಚಾವಣಿಯ ಉಕ್ಕಿನ ಕಂಬಿಗಳು ಅಪ್ಪಳಿಸುತ್ತವೆ. ಸೊಂಟದ ಪಟ್ಟಿ ಬಿಗಿದುಕೊಂಡಿದ್ದ ಚಾಲಕನು ಚಕ್ರವನ್ನು ಬಲವಾಗಿ ಹಿಡಿದು, ಪಾದಗಳನ್ನೂರಿ, ಬೀಳುವ ದಿಕ್ಕಿಗೆ ವಿರುದ್ಧವಾಗಿ ವಾಲಿ ಆಸನದಲ್ಲಿಯೇ ಉಳಿಯತಕ್ಕದ್ದು. ಇದನ್ನು ಆ ಗಳಿಗೆಯಲ್ಲಿ ಯೋಚಿಸಲು ಸಮಯವಿರುವುದಿಲ್ಲ, ತರಬೇತಿಯಲ್ಲಿಯೇ ರೂಢಿಯಾಗಿರಬೇಕು.

ಕೆಲಸ ಮುಗಿದ ಮೇಲೆ ಕೈಗಳನ್ನು ನೆಲಕ್ಕೆ ತಾಗಿಸಿ, ಬ್ರೇಕು ಬಿಗಿದು, ಕೀಲಿಕೈಯನ್ನು ತೆಗೆದುಕೊಂಡೇ ಚಾಲಕನು ಇಳಿಯುತ್ತಾನೆ.