ದಾಖಲೆಯೆಂಬ ಕಾವಲು

ತುಮಕೂರು ಜಿಲ್ಲೆಗೂ ಸೈನ್ಯಕ್ಕೂ ಇರುವ ನಂಟು ಹಳೆಯದು. ಟಿಪ್ಪು ಸುಲ್ತಾನನ ಕಾಲದಲ್ಲಿ ಕುಣಿಗಲ್ಲಿನಲ್ಲಿ ಅಶ್ವದಳಕ್ಕಾಗಿ ಕುದುರೆಗಳನ್ನು ಸಾಕುತ್ತಿದ್ದರು. ಇಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 615 ಎಕರೆ ವಿಸ್ತಾರದಲ್ಲಿ, ಸಾರ್ವಜನಿಕ ಉದ್ಯಮವಾದ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯಿದೆ. 2016ರಲ್ಲಿ ಶಂಕುಸ್ಥಾಪನೆಯಾದ ಇದು 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡಿತು.

ಕುದುರೆಯ ವಯಸ್ಸನ್ನು ಅದರ ಹಲ್ಲು ನೋಡಿ ಅರಿಯಬಹುದು. ಯಂತ್ರಭಾಗದ ವಯಸ್ಸನ್ನಾದರೋ ಅದರ ದಾಖಲೆಯೇ ಹೇಳಬೇಕು. ಆದುದರಿಂದಲೇ ವಿಮಾನೋದ್ಯಮದಲ್ಲಿ ದಾಖಲೆಪಾಲಕರ ಹೊಣೆ ಹಿರಿದು. ಮುಖ್ಯವಾದ ಪ್ರತಿಯೊಂದು ಬಿಡಿಭಾಗಕ್ಕೂ ಒಂದು ಕ್ರಮಸಂಖ್ಯೆಯುಂಟು. ಅದನ್ನು ಯಾವ ಲೋಹದಿಂದ ಮಾಡಿದರು, ಯಾರು ಪರೀಕ್ಷಿಸಿದರು, ಅದು ಎಷ್ಟು ಗಂಟೆ ಹಾರಿದೆ ಎಂಬುದೆಲ್ಲವೂ ದಾಖಲೆಯಲ್ಲಿರುತ್ತದೆ. ಕೆಲವು ಭಾಗಗಳಿಗೆ ಹಾರಾಟದ ಗಂಟೆಗಳ ಮಿತಿಯಿದೆ; ಮಿತಿ ಮುಗಿದರೆ, ನೋಟಕ್ಕೆ ಹೊಸದರಂತಿದ್ದರೂ ಅವುಗಳನ್ನು ಕಳಚಲೇಬೇಕು.

ಒಂದು ಹೆಲಿಕಾಪ್ಟರಿನ ಭಾಗದಲ್ಲಿ ಬಿರುಕು ಕಂಡಿತೆನ್ನೋಣ. ಅದೇ ಎರಕದ ಉಳಿದ ಭಾಗಗಳು ಯಾವ ಯಾವ ಹೆಲಿಕಾಪ್ಟರುಗಳಲ್ಲಿವೆ? ದಾಖಲೆ ಸರಿಯಿದ್ದರೆ ಅವುಗಳನ್ನಷ್ಟೇ ತಡೆದು ಪರೀಕ್ಷಿಸಬಹುದು. ಇಲ್ಲದಿದ್ದರೆ ಎಲ್ಲವನ್ನೂ ನೆಲದಲ್ಲಿ ನಿಲ್ಲಿಸಬೇಕಾಗುತ್ತದೆ.

ದಾಖಲೆಪಾಲಕರು ಒಂದೇ ಪ್ರತಿಯನ್ನು ನೆಚ್ಚುವುದಿಲ್ಲ, ಬೇರೆಡೆಯಲ್ಲಿಯೂ ಪ್ರತಿಯನ್ನಿಡುತ್ತಾರೆ. ಗಣಕಯಂತ್ರಗಳು ಹಳತಾದಂತೆ ಮಾಹಿತಿಯನ್ನು ಹೊಸದಕ್ಕೆ ವರ್ಗಾಯಿಸುತ್ತಾರೆ. ತಪ್ಪು ನಮೂದನ್ನು ಅಳಿಸದೆ, ಓದಲು ಬರುವಂತೆ ಗೆರೆಯೆಳೆದು, ಸರಿಯಾದುದನ್ನು ಬರೆದು ದಿನಾಂಕದೊಡನೆ ಸಹಿ ಮಾಡುವುದು ಈ ವೃತ್ತಿಯ ಧರ್ಮ. ಗುಟ್ಟಾಗಿರಬೇಕಾದುದು ಅಧಿಕಾರವುಳ್ಳವರಿಗಲ್ಲದೆ ಅನ್ಯರಿಗೆ ದೊರೆಯದಂತೆ ನೋಡಿಕೊಳ್ಳುವುದೂ ಅವರ ಕರ್ತವ್ಯವೇ.

ಹಿಮಾಲಯದ ಎತ್ತರದಲ್ಲಿ ಹಾರುವ ಯೋಧನು ಇವರನ್ನು ಕಂಡಿರಲಾರನು. ಆದರೂ ಅವನ ಪ್ರಾಣವು ಇವರ ಪ್ರಾಮಾಣಿಕ ಅಕ್ಷರಗಳನ್ನು ಅವಲಂಬಿಸಿದೆ.